ಕೆಂಪು ಗುಂಡಿಗೊಂದು ಕುಲಾವಿ

ನೈರೋಬಿಗೆ ಹೋಗಿ ಬಂದೆ ಎಂದರೆ ನಮ್ಮೂರಿನಲ್ಲಿ ಎಲ್ಲರೂ ಮೊದಲು ಕೇಳುವುದು ಸಿಂಹದ ವಿಷಯ. ಸಿಂಹ ನೋಡಿದೆ. ಮರದ ನೆರಳಿನಲ್ಲಿ ಮಲಗಿತ್ತು. ಕಾರಿನೊಳಗೆ ನನ್ನ ತೊಡೆಯ ಮೇಲೆ ಮೊಮ್ಮಗಳು ನಿಧಿಯೂ ಮಲಗಿದ್ದಳು. ಇಬ್ಬರೂ ಒಂದೇ ಹೊತ್ತಿಗೆ ಆಕಳಿಸಿದರಂತೆ. ನಾನು ಮೊಮ್ಮಗಳ ಕಡೆ ನೋಡುತ್ತಿದ್ದೆ. ಸಿಂಹದ ಆಕಳಿಕೆ ಹೇಗಿತ್ತು ಎಂಬುದನ್ನು ಅಳಿಯಂದಿರನ್ನೇ ಕೇಳಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಗುಬ್ಬಿಯ ಹತ್ತಿರ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಯಜಮಾನರು ತೂಕ ಮಾಡುತ್ತಾರೆ, ನಾನು ರಾಗಿ ಸುರಿಯುತ್ತೇನೆ. ಗಿರಣಿಯ ಮೋಟರಿಗೆ ಎರಡು ಗುಂಡಿ. ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಇಷ್ಟು ತಿಳುವಳಿಕೆಯಲ್ಲಿ ಸಂಸಾರ ಮಾಡಿ, ಮಗಳನ್ನು ಓದಿಸಿ, ಮದುವೆ ಮಾಡಿದ್ದಾಯಿತು. ಆ ಮಗಳು ಶೈಲಳ ಬಾಣಂತನಕ್ಕೆಂದು ಹೋಗಿ, ಇರಬಹುದಾದಷ್ಟು ದಿನ ಇದ್ದು ಬಂದೆ. ಆ ದೇಶದ ಬೆಟ್ಟ, ಕಾಡು, ರಾಜಕೀಯ ನನಗೆ ಗೊತ್ತಿಲ್ಲ. ಅಲ್ಲಿನ ಗುಂಡಿಗಳು ಗೊತ್ತು. ಅವುಗಳ ವಿಷಯವನ್ನೇ ಬರೆಯುತ್ತೇನೆ. ಮಗುವಿನ ವಿಷಯ ಹೆಚ್ಚು ಬರೆಯಬಾರದೆಂದು ನಿರ್ಧರಿಸಿದ್ದೇನೆ. ಕೂದಲು ಗುಂಗುರು, ಅಷ್ಟು ಹೇಳಿದರೆ ಸಾಕು.

ವಿಮಾನದಲ್ಲಿ

ತಲೆಯ ಮೇಲೆ ದೀಪ ಹತ್ತಿಸುವುದಕ್ಕೆ ಒಂದು ಗುಂಡಿ, ಕೆಲಸದ ಹುಡುಗಿಯನ್ನು ಕರೆಯುವುದಕ್ಕೆ ಇನ್ನೊಂದು. ಎರಡೂ ಅವಳಿ ಜವಳಿಯಂತೆ ಪಕ್ಕಪಕ್ಕದಲ್ಲಿದ್ದವು. ನಾನು ದೀಪಕ್ಕೆಂದು ಒತ್ತಿದೆ, ಹುಡುಗಿ ಬಂದಳು. ಸುಮ್ಮನೆ ಕರೆದೆ ಎನ್ನಲು ಸಂಕೋಚವಾಗಿ ನೀರು ಕೇಳಿದೆ. ಮತ್ತೆ ದೀಪಕ್ಕೆಂದು ಒತ್ತಿದೆ. ಮತ್ತೆ ಅವಳೇ ಬಂದಳು, ಮತ್ತೆ ನೀರು. ಹೀಗೆ ಕುಡಿದ ನೀರಿನ ದೆಸೆಯಿಂದ ವಿಮಾನದ ಹಿಂಭಾಗದ ಸಣ್ಣ ಬಾಗಿಲಿನ ಪರಿಚಯವೂ ಆಯಿತು. ಅದನ್ನು ತಳ್ಳಿದೆ, ಎಳೆದೆ, ತಟ್ಟಿದೆ. ಕೊನೆಗೆ ಒಬ್ಬರು ಬಂದು ಮಡಿಸಿ ತೋರಿಸಿದರು. ಬಾಗಿಲನ್ನು ಬಟ್ಟೆಯ ಹಾಗೆ ಮಡಿಸಬೇಕೆಂದು ಯಾರಿಗೆ ಹೊಳೆಯಬೇಕು?

ಗುಂಡಿ ಒತ್ತಿದರೆ ಮನುಷ್ಯರು ಬರುತ್ತಾರೆ ಎಂಬುದನ್ನು ಅಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಿತ್ತು. ಇಟ್ಟುಕೊಳ್ಳಲಿಲ್ಲ.

ರಿವರ್‌ಸೈಡಿನ ಬಾಗಿಲು

ಮಗಳ ಮನೆ ರಿವರ್‌ಸೈಡ್ ಎಂಬಲ್ಲಿ, ಎರಡನೇ ಮಹಡಿ. ಕೆಳಗೆ ಗೇಟು, ಗೇಟಿಗೊಬ್ಬ ಅಸ್ಕಾರಿ. ನಮ್ಮ ಕಡೆ ವಾಚ್‌ಮನ್ ಎನ್ನುವವನನ್ನು ಅಲ್ಲಿ ಹಾಗೆನ್ನುತ್ತಾರೆ. ಅವನಿಗೆ ನಾನು ಮೊದಲ ದಿನ ನಮಸ್ಕಾರ ಮಾಡಿದೆ. ಅವನು ನಿಂತು ಎರಡೂ ಕೈ ಜೋಡಿಸಿ ನನಗಿಂತ ಚೆನ್ನಾಗಿ ಮಾಡಿದ. ಆ ಕಟ್ಟಡದಲ್ಲಿ ಅಷ್ಟು ಜನ ನಮ್ಮವರಿದ್ದರು. ಅವನಿಗೆ ಅಭ್ಯಾಸವಾಗಿತ್ತು.

ಮನೆಯ ಬಾಗಿಲಿನದೇ ಒಂದು ಸ್ವಭಾವ. ನಮ್ಮೂರಲ್ಲಿ ಬಾಗಿಲು ಹಾಕುವವರು ಮನುಷ್ಯರು. ಅಲ್ಲಿ ಗಾಳಿಯೇ ಹಾಕುತ್ತದೆ, ಬೀಗವೂ ತಾನಾಗಿ ಬೀಳುತ್ತದೆ. ಹೊರಗಡೆ ಒಂದು ಹಿಡಿ ಇದೆ. ಹಿಡಿದು ತಿರುಗಿಸಿದರೆ ತಿರುಗುವುದಿಲ್ಲ. ಅದು ನೋಡುವುದಕ್ಕೆ ಮಾತ್ರ. ಬೀಗದ ಕೈ ಕಡ್ಡಿಯಷ್ಟು ಸಣ್ಣದು. ಅದು ಚೀಲದಲ್ಲಿ ಸಿಗುವುದೇ ಇಲ್ಲವೆಂದು ನಾನು ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಉದ್ದದ ಕುಣಿಕೆ ಮಾಡಿ ಅದಕ್ಕೆ ಕಟ್ಟಿದೆ. ತೋಳಿಗೆ ನೇತು ಹಾಕಿಕೊಳ್ಳಬಹುದು. ಅಡುಗೆಮನೆಯ ಗೋಡೆಯ ಮೊಳೆಗೆ ಸಿಕ್ಕಿಸಿದರೆ ನಡುಮನೆಯಿಂದಲೂ ಕಾಣುತ್ತದೆ.

"ಇದೇನತ್ತೆ, ಎತ್ತಿನ ಮೂಗುದಾರ ಇದ್ದಂಗಿದೆ" ಎಂದರು ಅಳಿಯಂದಿರು.

ಅಳಿಯಂದಿರ ಹೆಸರು ಮಂಜುನಾಥ. ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವರು. ಮಾತ್ರೆ ದುಂಡಗಿದೆಯೋ ಇಲ್ಲವೋ, ಬಾಟಲಿಯ ಮುಚ್ಚಳ ಕೂತಿದೆಯೋ ಇಲ್ಲವೋ, ಎಲ್ಲ ನೋಡಿ ಪಾಸು ಫೇಲು ಬರೆಯುತ್ತಾರೆ. ಒಳ್ಳೆಯವರು. ಮನೆಯಲ್ಲೂ ಹಾಗೇ ನೋಡುತ್ತಾರೆ, ಅಷ್ಟೇ. ಬಂದ ಮರುದಿನವೇ ನನ್ನನ್ನು ಮನೆ ತುಂಬ ಸುತ್ತಿಸಿ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ತೋರಿಸಿದರು. ಕೊನೆಗೆ ಮಂಚದ ಪಕ್ಕದಲ್ಲಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ, ವೈರಿಲ್ಲದ ಡಬ್ಬಿ ತೋರಿಸಿದರು. ಅದರ ನಡುವೆ ಒಂದು ಕೆಂಪು ಗುಂಡಿ. ಕಳ್ಳರು ನುಗ್ಗಿದರೆ ಅದನ್ನು ಒತ್ತಬೇಕು, ಕಾವಲು ಕಂಪನಿಯವರು ವ್ಯಾನಿನಲ್ಲಿ ಬರುತ್ತಾರೆ ಎಂದರು.

ನಮ್ಮಲ್ಲಿ ಕೆಂಪು ಒತ್ತಿದರೆ ಎಲ್ಲ ನಿಲ್ಲುತ್ತದೆ. ಅಲ್ಲಿ ಕೆಂಪು ಒತ್ತಿದರೆ ಎಲ್ಲ ಬರುತ್ತದೆ. ಇದನ್ನು ಅಳಿಯಂದಿರಿಗೆ ಹೇಳಿದೆ. ಅವರು ಹೂಂ ಎಂದರು.

ಅಡುಗೆಮನೆ

ಗ್ಯಾಸ್ ಒಲೆಯಲ್ಲಿ ಉರಿಗಳು ಚೌಕವಾಗಿ ನಾಲ್ಕು ಮೂಲೆಗೆ ಇದ್ದವು, ತಿರುಗಿಸುವ ನಾಬುಗಳು ಮಾತ್ರ ಸಾಲಾಗಿ ಮುಂದೆ. ಯಾವ ನಾಬು ಯಾವ ಉರಿಗೆ ಎಂದು ಒಲೆಗೇ ಗೊತ್ತು. ಗುರುತಿಗೆಂದು ಅಚ್ಚು ಹಾಕಿದ್ದ ಚುಕ್ಕೆಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಎಷ್ಟೋ ಕಾಲದಿಂದ ಆ ಮನೆಯಲ್ಲಿರುವ ಶೈಲಳೂ ದಿನಾ ತಪ್ಪು ನಾಬು ತಿರುಗಿಸಿ, "ಥೂ" ಎಂದು, ಸರಿಯಾದದ್ದನ್ನು ತಿರುಗಿಸುತ್ತಿದ್ದಳು. "ಥೂ" ಎನ್ನುವುದು ಸಾರು ಕುದಿಸುವ ವಿಧಾನದಲ್ಲಿ ಸೇರಿಹೋಗಿತ್ತು.

ನಾನು ಊರಿನಿಂದ ಅಂಟಿಸುವ ಹಣೆಬೊಟ್ಟಿನ ಹಾಳೆಗಳನ್ನು ತಂದಿದ್ದೆ. ಕೆಂಪು ಬೊಟ್ಟು ಒಂದು ನಾಬಿಗೆ, ಹಸಿರು ಇನ್ನೊಂದಕ್ಕೆ, ಹೀಗೆ ನಾಲ್ಕಕ್ಕೂ ಅಂಟಿಸಿದೆ. ಉರಿಯ ಪಕ್ಕದಲ್ಲಿ ಬೊಟ್ಟು ಶಾಖಕ್ಕೆ ಉದುರಿತು. ಅಲ್ಲಿಗೆ ಮಗಳ ಉಗುರುಬಣ್ಣ ಹಚ್ಚಿದೆ. ಶೈಲ ನೋಡಿ, ಅಡುಗೆಮನೆಗೆ ಯಾರಾದರೂ ಬಂದರೆ ಏನೆಂದುಕೊಳ್ಳುತ್ತಾರೆ ಎಂದು ಮುಖ ಸಿಂಡರಿಸಿದಳು. ಆ ವಾರದಿಂದ ಅವಳ "ಥೂ" ಕೇಳಿಸಲಿಲ್ಲ. ನಾನೂ ಏನೂ ಕೇಳಲಿಲ್ಲ.

ಮೈಕ್ರೋವೇವಿನಲ್ಲಿ ಮೀನಿಗೊಂದು ಗುಂಡಿ, ಕೋಳಿಗೊಂದು, ಆಲೂಗೆಡ್ಡೆಗೊಂದು. ಅನ್ನ ಸಾರಿಗೆ ಇಲ್ಲ. ನಾವು ದಿನಾ ಸಾರನ್ನು ಮೀನಿನ ಗುಂಡಿಯಲ್ಲಿ ಬಿಸಿ ಮಾಡಿಕೊಂಡು ಉಂಡೆವು. ಮಡಿ ಕೆಟ್ಟಿತೋ ಇಲ್ಲವೋ ಯೋಚಿಸಲಿಲ್ಲ. ಮೀನಿನ ಚಿತ್ರದ ಮೇಲೆ ಒಂದು ಬೊಟ್ಟು ಅಂಟಿಸಿಬಿಟ್ಟೆ. ಅದರ ಗಡಿಯಾರ ಕರೆಂಟು ಹೋಗಿ ಬಂದಾಗಲೆಲ್ಲ ಸೊನ್ನೆ ತೋರಿಸಿ ಕಣ್ಣು ಮಿಟುಕಿಸುತ್ತಿತ್ತು. ಸರಿ ಮಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಅಳಿಯಂದಿರು ಅದರ ಮೇಲೆ ಟೇಪು ಅಂಟಿಸಿದ್ದರು. ಅವರದೂ ನನ್ನದೂ ಒಂದೇ ದಾರಿ ಎಂದು ಸಮಾಧಾನವಾಯಿತು.

ಮೊಬೈಲಿನಲ್ಲಿ ಎರಡನೇ ಗುಂಡಿ ಒತ್ತಿ ಹಿಡಿದರೆ ಶೈಲಳಿಗೆ ಹೋಗುತ್ತದೆ, ಮೂರನೆಯದು ಅಳಿಯಂದಿರಿಗೆ. ಶೈಲಳಿಗೆ ದೊಡ್ಡ ಬೊಟ್ಟು, ಅವರಿಗೆ ಸಣ್ಣದು. ಅವರು ಅದನ್ನು ಗಮನಿಸಿದರು. ಮನೆಕೆಲಸಕ್ಕೆ ಬರುವ ಗ್ರೇಸ್ ಎಂಬಾಕೆ ಇದನ್ನೆಲ್ಲ ನೋಡಿ ತನ್ನ ಮೊಬೈಲು ತಂದು ನನ್ನ ಮುಂದೆ ಹಿಡಿದಳು. ಅವಳ ಮಗಳ ನಂಬರಿಗೆ ಹಸಿರು ಬೊಟ್ಟು ಕೊಟ್ಟೆ. "ಅಸಾಂಟೆ, ಶೋಶೋ" ಎಂದಳು. ಉಪಕಾರವಾಯಿತು ಅಜ್ಜಿ ಎಂದು ಅರ್ಥ. ಅಜ್ಜಿ ಎಂದು ಪರಭಾಷೆಯಲ್ಲಿ ಕರೆಸಿಕೊಂಡ ಆ ದಿನ ನಾನು ಮಗುವಿಗೆ ಎರಡು ಸಲ ದೃಷ್ಟಿ ತೆಗೆದೆ. ಉಪ್ಪು ಮೆಣಸಿನಕಾಯಿಯನ್ನು ಗ್ಯಾಸಿನ ಮೇಲೆ ಸುಟ್ಟಿದ್ದಕ್ಕೆ ಇಡೀ ಮಹಡಿಯೇ ಕೆಮ್ಮಿತು. ಇನ್ನು ಮೇಲೆ ಅದನ್ನು ಕೆಳಗಿನ ಕಸದ ಡಬ್ಬಿಗೆ ಹಾಕಿ ಬರಬೇಕು ಎಂದು ಅಳಿಯಂದಿರ ಆಜ್ಞೆಯಾಯಿತು.

ಆಯುಧಪೂಜೆ

ಊರಿನಲ್ಲಿ ಆ ದಿನ ಮೋಟರಿಗೆ, ಬೆಲ್ಟಿಗೆ, ತಕ್ಕಡಿಗೆ ಬೊಟ್ಟಿಟ್ಟು ಹೂ ಮುಡಿಸುವುದು ನನ್ನ ಕೆಲಸ. ಪರದೇಶದಲ್ಲಿದ್ದೇನೆಂದು ಬಿಡಲಾದೀತೇ? ಅಳಿಯಂದಿರು ಕೆಳಗೆ ಕಾರು ತೊಳೆಯುತ್ತಿದ್ದರು. ಶೈಲ ಮಗುವಿಗೆ ಹಾಲು ಕುಡಿಸುತ್ತಿದ್ದಳು. ನಾನು ಕುಂಕುಮದ ಬಟ್ಟಲು ಹಿಡಿದು ಹೊರಟೆ.

ವಾಷಿಂಗ್ ಮೆಷಿನ್ನಿಗೆ ಬೊಟ್ಟಿಟ್ಟೆ. ಅದು ಗುಂಯ್ ಎಂದು ನೀರು ತುಂಬಿಸಿಕೊಳ್ಳತೊಡಗಿತು. ಮೈಕ್ರೋವೇವಿಗೆ ಇಟ್ಟೆ. ಒಳಗೆ ದೀಪ ಹತ್ತಿ ಗಾಜಿನ ತಟ್ಟೆ ಪ್ರದಕ್ಷಿಣೆ ಹಾಕಿತು. ಟಿವಿಯ ರಿಮೋಟಿಗೆ ಇಟ್ಟೆ. ಟಿವಿಯಲ್ಲಿ ಒಬ್ಬ ಪಾದ್ರಿ ಪ್ರತ್ಯಕ್ಷರಾಗಿ ಭಾಷಣ ಶುರು ಮಾಡಿದರು. ನಮ್ಮ ಗಿರಣಿಗೆ ಮದುವೆಯಾಗಿ ಬಂದಾಗಿನಿಂದ ಬೊಟ್ಟಿಡುತ್ತಿದ್ದೇನೆ, ಅದು ಒಂದು ದಿನವೂ ಉತ್ತರ ಕೊಟ್ಟಿಲ್ಲ. ಈ ದೇಶದ ಯಂತ್ರಗಳಿಗೆ ಭಕ್ತಿ ಜಾಸ್ತಿ ಎಂದುಕೊಂಡೆ.

ಕೊನೆಗೆ ಮಂಚದ ಪಕ್ಕದ ಕೆಂಪು ಗುಂಡಿ. ಮನೆ ಕಾಯುವ ಆಯುಧವೆಂದರೆ ಅದೇ ತಾನೆ? ಕುಂಕುಮ ಉದುರದಿರಲೆಂದು ಉಂಗುರದ ಬೆರಳಿನಿಂದ ಒತ್ತಿಯೇ ಇಟ್ಟೆ. ಅದು ಸದ್ದು ಮಾಡಲಿಲ್ಲ, ಬೆಳಕು ಬಿಡಲಿಲ್ಲ. ಇದೊಂದು ಮರ್ಯಾದಸ್ಥ ಯಂತ್ರ ಎಂದುಕೊಂಡು ಮಂಗಳಾರತಿ ಹಚ್ಚಿದೆ.

ಆರತಿ ತಟ್ಟೆ ಕೈಯಲ್ಲಿರುವಾಗಲೇ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಹೆಲ್ಮೆಟ್ ಹಾಕಿ ಲಾಠಿ ಹಿಡಿದ ಇಬ್ಬರು ಗಂಡಸರು ಅಳಿಯಂದಿರು ಚಪ್ಪಲಿ ಅಡ್ಡ ಇಟ್ಟು ತೆರೆದಿಟ್ಟಿದ್ದ ಬಾಗಿಲಿನಿಂದ ಒಳಗೆ ನುಗ್ಗಿ ನಿಂತರು. ಆಯುಧಪೂಜೆಯ ದಿನ ಆಯುಧ ಹಿಡಿದವರು ಮನೆಗೆ ಬಂದರೆ ಏನು ಮಾಡಬೇಕು? ಲಾಠಿಗಳಿಗೆ ಕುಂಕುಮ ಇಟ್ಟೆ. ಎತ್ತರದವನು, ಪೀಟರ್ ಎಂದು ಅವನ ಹೆಸರು, ಲಾಠಿಯನ್ನು ಅಲುಗಾಡಿಸದೆ ಹಿಡಿದುಕೊಂಡ. ಪ್ರಸಾದಕ್ಕೆ ಅವನಲ್ಲಿ ಪಾತ್ರೆ ಇರಲಿಲ್ಲ. ಹೆಲ್ಮೆಟ್ ತೆಗೆದು ಒಡ್ಡಿದ. ಊರಿನಿಂದ ತಂದಿದ್ದ ಕಡಲೆಪುರಿಯನ್ನು ಅದರ ತುಂಬ ಹಾಕಿ, ಮೇಲೊಂದು ಬಾಳೆಹಣ್ಣು ಇಟ್ಟೆ.

ಅವರು ಹೋದ ಮೇಲೆ ಅಳಿಯಂದಿರು ಒದ್ದೆ ಕೈ ಒರೆಸಿಕೊಳ್ಳುತ್ತಾ ಕೂತರು.

"ಅತ್ತೆ, ಆ ಗುಂಡಿ ಒತ್ತಬಾರದು ಅಂತ ಹೇಳಿದ್ದೆ."

"ಒತ್ತಲಿಲ್ಲ. ಕುಂಕುಮ ಇಟ್ಟೆ."

"ಎರಡೂ ಒಂದೇ ಅತ್ತೆ."

ಒಂದೇ ಅಲ್ಲ. ಆದರೆ ಹಬ್ಬದ ದಿನ ವಾದ ಬೇಡವೆಂದು ಬಿಟ್ಟೆ.

ಸಂಜೆ ಕೋಣೆಯಲ್ಲಿ ಗಂಡ ಹೆಂಡತಿ ಮಾತಾಡುವುದು ಕೇಳಿಸಿತು. ಶೈಲ ಶಾಲೆಯಲ್ಲಿ ಟೀಚರು. ಜನವರಿಯಲ್ಲಿ ಅಲ್ಲಿ ಹೊಸ ವರ್ಷದ ಶಾಲೆ ಶುರು, ಅವಳು ಕೆಲಸಕ್ಕೆ ಹೋಗಲೇಬೇಕು. ಅಷ್ಟು ಹೊತ್ತು ನಿಧಿಯನ್ನು ನನ್ನ ಬಳಿ ಬಿಡುವುದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಈಗ ಅಳಿಯಂದಿರು ಬೇರೆ ಮಾತು ಎತ್ತಿದ್ದರು. ಅತ್ತೆಗೆ ಪ್ರೀತಿ ಬೇಕಾದಷ್ಟಿದೆ, ಆದರೆ ಈ ಮನೆಯನ್ನು ನಡೆಸುವುದು ಬರುವುದಿಲ್ಲ, ಹರ್ಲಿಂಗ್‌ಹ್ಯಾಮಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗವಿದೆ, ಅಲ್ಲಿ ಬಿಡೋಣ ಎಂದರು. ಶೈಲ ಇಲ್ಲ ಎನ್ನಲಿಲ್ಲ.

ನನಗೆ ಸಿಟ್ಟು ಬರಲಿಲ್ಲ. ನಿಧಿಗೆ ಕುಲಾವಿ ಹೊಲಿದು ಉಳಿದ ಮೆತ್ತನೆಯ ಬಟ್ಟೆ ಇತ್ತು. ಅದರಲ್ಲಿ ಕೆಂಪು ಗುಂಡಿಯ ಡಬ್ಬಿಗೂ ಒಂದು ಕುಲಾವಿ ಹೊಲಿದೆ. ಮುಂದೆ ಮುಚ್ಚಳ, ಅದಕ್ಕೆ ಕಾಜಾ, ಒಂದು ಅಂಗಿಗುಂಡಿ. ಬೇಕೆಂದೇ ಬಿಚ್ಚಿದರೆ ಮಾತ್ರ ಒಳಗಿನದು ಸಿಗುತ್ತದೆ. ಮೇಲೆ ಕುಣಿಕೆ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಳಿಯಂದಿರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೂಂ ಎಂದರು. ಆ ಹೂಂ ಪಾಸಿನದೋ ಫೇಲಿನದೋ ಹೇಳಲಿಲ್ಲ.

ಹರ್ಲಿಂಗ್‌ಹ್ಯಾಮ್

ಒಂದು ಶನಿವಾರ ಎಲ್ಲರೂ ಆ ಜಾಗ ನೋಡಲು ಹೋದೆವು. ದಾರಿಯಲ್ಲಿ ಮರಗಳೆಲ್ಲ ಎಲೆಯೇ ಇಲ್ಲದ ಹಾಗೆ ನೇರಳೆ ಹೂ ಬಿಟ್ಟಿದ್ದವು. ಹಾಡು ಹಾಕಿಕೊಂಡು ಮಟಾಟುಗಳು, ನಮ್ಮ ಟೆಂಪೋಗಳ ಅಣ್ಣತಮ್ಮಂದಿರು, ಕಾರಿಗೆ ಉಜ್ಜುವಷ್ಟು ಹತ್ತಿರದಲ್ಲಿ ಹೋಗುತ್ತಿದ್ದವು.

ಆ ಜಾಗದಲ್ಲಿ ಏನಾದರೂ ಕೊರತೆ ಸಿಕ್ಕೀತೆಂದು ಆಸೆಯಿಂದ ಹೋಗಿದ್ದೆ. ಸಿಗಲಿಲ್ಲ. ನೆಲ ಹೊಳೆಯುತ್ತಿತ್ತು. ತೊಟ್ಟಿಲುಗಳು ಸಾಲಾಗಿದ್ದವು, ಹೆಂಗಸರು ನಗುಮುಖದವರು. ಪ್ರತಿ ತೊಟ್ಟಿಲಿಗೂ ಬೇರೆ ಬೇರೆ ಬಣ್ಣದ ಚುಕ್ಕೆ ಅಂಟಿಸಿದ್ದರು, ಅದೇ ಬಣ್ಣದ ಚುಕ್ಕೆ ಆ ಮಗುವಿನ ಹಾಲಿನ ಸೀಸೆಗೂ ಇತ್ತು. ಅಳಿಯಂದಿರು ಅದನ್ನು ನನಗೆ ತೋರಿಸಿದರು. ನಾನು ನೋಡಿಯಾಗಿತ್ತು. ಒಂದು ತೊಟ್ಟಿಲು ಖಾಲಿ ಇತ್ತು. ಅದಕ್ಕೆ ಇನ್ನೂ ಚುಕ್ಕೆ ಅಂಟಿಸಿರಲಿಲ್ಲ.

ಬರುವಾಗ ಶೈಲ ನನ್ನ ಕೈ ಹಿಡಿದು, ಶಾಲೆ ಶುರುವಾಗುವ ಮುಂಚೆ ಟೀಚರುಗಳ ಮೀಟಿಂಗ್ ಇದೆ, ಆ ಒಂದು ಬೆಳಿಗ್ಗೆ ನೀನೊಬ್ಬಳೇ ನೋಡಿಕೋ, ಹೇಗಾಗುತ್ತದೋ ನೋಡಿ ಆಮೇಲೆ ಯೋಚಿಸೋಣ ಎಂದಳು. ಮುಂದಿನ ಸೀಟಿನಿಂದ ಹೂಂ ಬಂತು.

ಬಾಗಿಲ ಹೊರಗೆ

ಆ ಬೆಳಿಗ್ಗೆ ಎಲ್ಲ ಹೂವಿನ ಹಾಗೆ ನಡೆಯಿತು. ಗ್ರೇಸ್ ಮಗಳ ಶಾಲೆಗೆ ಹೋಗಿದ್ದಳು, ಮಧ್ಯಾಹ್ನ ಬರುವವಳು. ನಾನು ಹಾಲು ಕಾಯಿಸಿದೆ, ಒಲೆ ಆರಿಸಿದೆ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ತೊಟ್ಟಿಲಿನಲ್ಲಿ ಮಲಗಿಸಿದೆ. ಹಿಂದಿನ ದಿನ ಶೈಲಳ ಜೊತೆಯ ಟೀಚರೊಬ್ಬರು ಬಂದು, ಎಂಥ ಗುಂಡು ಗುಂಡಾದ ಮಗು ಎಂದು ಬಾಯಿ ತುಂಬ ಹೊಗಳಿ ಹೋಗಿದ್ದರು. ದೃಷ್ಟಿ ತೆಗೆಯದೆ ಇರುವುದು ಹೇಗೆ? ಮಲಗಿದ್ದಂತೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಕಸದ ಡಬ್ಬಿಗೆ ಹಾಕಲು ಮುಷ್ಟಿ ಬಿಗಿ ಹಿಡಿದು ಹೊರಟೆ.

ದೃಷ್ಟಿ ತೆಗೆದು ಹೊರಟವರು ಮಾತಾಡಬಾರದು, ಹಿಂತಿರುಗಿ ನೋಡಬಾರದು. ಎರಡು ಹೆಜ್ಜೆ ಇಟ್ಟಿದ್ದೆ. ಹಿಂದೆ ಬಾಗಿಲು ಟಪ್ ಎಂದಿತು. ಏನಾಯಿತೆಂದು ಗೊತ್ತಾಯಿತು. ನಾನು ಹಿಂತಿರುಗಿ ನೋಡಲಿಲ್ಲ. ಕೆಳಗೆ ಹೋಗಿ ಹಾಕಿ, ಕೈ ತೊಳೆದು, ಮೇಲೆ ಬಂದು, ಆಮೇಲೆ ನೋಡಿದೆ. ಬಾಗಿಲು ಹಾಕಿತ್ತು. ಹಿಡಿ ತಿರುಗಲಿಲ್ಲ. ಬೀಗದ ಕೈ ಒಳಗೆ, ಮೊಬೈಲು ಒಳಗೆ, ನಿಧಿ ಒಳಗೆ.

ಎದುರು ಮನೆಯ ಬೆಲ್ ಒತ್ತಿದೆ, ಯಾರೂ ಇರಲಿಲ್ಲ. ಅಡುಗೆಮನೆಯ ಕಿಟಕಿ ಓಡಾಡುವ ಜಾಗಕ್ಕೆ ತೆರೆದುಕೊಳ್ಳುತ್ತದೆ, ಅದಕ್ಕೆ ಕಂಬಿಗಳಿವೆ. ಅದರಲ್ಲಿ ಇಣುಕಿದರೆ ಎದುರು ಗೋಡೆಯ ಮೊಳೆಯಲ್ಲಿ ಬೀಗದ ಕೈ ಕೆಂಪು ಕುಣಿಕೆಯ ಸಮೇತ ಕಾಣುತ್ತಿತ್ತು. ಕೈ ಹಾಕಿದೆ, ಎಟುಕಲಿಲ್ಲ. ಆಗ ಒಳಗಿನಿಂದ ನಿಧಿ ಅತ್ತಳು.

ಸೊಂಟ ಮುಟ್ಟಿಕೊಂಡೆ. ಕುಲಾವಿ ಇತ್ತು. ಒತ್ತಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಖಾಲಿ ತೊಟ್ಟಿಲಿಗೆ ಚುಕ್ಕೆ ಬೀಳುತ್ತದೆ. ಒತ್ತದಿದ್ದರೆ ಮಗು ಅಳುತ್ತದೆ. ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಅಂಗಿಗುಂಡಿ ಬಿಚ್ಚಿ ಒತ್ತಿದೆ. ಈ ಸಲ ಕುಂಕುಮ ಇರಲಿಲ್ಲ.

ಅವರು ಬರುವವರೆಗೆ ಕಿಟಕಿಯ ಕಂಬಿಗೆ ಬಾಯಿ ಇಟ್ಟು ಜೋಗುಳ ಹಾಡಿದೆ. ನನ್ನ ದನಿ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ್ದು, ಒಳಗಿನ ಕೋಣೆಯವರೆಗೆ ಹೋಯಿತು. ನಿಧಿ ಅಳು ನಿಲ್ಲಿಸಿ ಕೇಳಿದಳು. ನಾನು ಉಸಿರೆಳೆದುಕೊಂಡಾಗಲೆಲ್ಲ ಒಂದು ಸಲ ಅತ್ತಳು. ತಾಳ ತಪ್ಪಲಿಲ್ಲ.

ಪೀಟರ್ ಮತ್ತು ಅವನ ಜೊತೆಗಾರ ಬಂದರು. ನಾನು ಹಾಡು ನಿಲ್ಲಿಸದೆ ಬಾಗಿಲು ತೋರಿಸಿದೆ, ಕಿಟಕಿ ತೋರಿಸಿದೆ, ಕೈಯಲ್ಲೇ ತೊಟ್ಟಿಲು ತೂಗಿ ತೋರಿಸಿದೆ. ಅವನಿಗೆ ಎಲ್ಲ ಅರ್ಥವಾಯಿತು. ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ತಿರುಗಿಸಿ ಕಂಬಿಯ ನಡುವೆ ತೂರಿಸಿದ. ಕೋಲಿನ ತುದಿ ಮೊಳೆಯ ಸುತ್ತ ತಡಕಾಡಿ ಕೊನೆಗೆ ಕೆಂಪು ಕುಣಿಕೆಯೊಳಗೆ ಹೊಕ್ಕಿತು. ಕೋಲೆತ್ತಿದ. ಬೀಗದ ಕೈ ಕೋಲಿನ ಮೇಲೆ ಜಾರುತ್ತಾ ಸೀದಾ ನನ್ನ ಕೈಗೆ ಬಂತು. ಎತ್ತಿನ ಮೂಗುದಾರವೆಂದರೂ ಸರಿ.

ಮಗುವನ್ನು ಎತ್ತಿಕೊಂಡು ಬಂದಾಗ ಪೀಟರ್ ಬಾಗಿಲನ್ನು ಬೆರಳಿನಿಂದ ಬಡಿದು, ಗೋಡೆಯ ಮೇಲಿದ್ದ ಅಳಿಯಂದಿರ ಫೋಟೋ ತೋರಿಸಿ, "ಬ್ವಾನಾ" ಎಂದ. ಯಜಮಾನರು ಎಂದರ್ಥ. ಆಮೇಲೆ ಸೊಂಟಕ್ಕೆ ಟವಲ್ ಸುತ್ತಿಕೊಳ್ಳುವಂತೆ ಕೈ ಆಡಿಸಿ, ಕಂಕುಳಿಗೆ ಪೇಪರು ಸಿಕ್ಕಿಸಿಕೊಂಡು, ಚಳಿಗೆ ನಡುಗುತ್ತಾ ಬಾಗಿಲ ಹೊರಗೆ ನಿಂತು ತೋರಿಸಿದ. ಒಳ್ಳೆಯ ನಟ.

ಇಂಡಸ್ಟ್ರಿಯಲ್ ಏರಿಯಾದಿಂದ

ಕಾವಲು ಕಂಪನಿಯವರು ಅಳಿಯಂದಿರಿಗೆ ಫೋನು ಮಾಡಿದ್ದರು. ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದು ಅವರು ಬರುವಷ್ಟರಲ್ಲಿ ಶೈಲ ಬಂದಾಗಿತ್ತು, ನಿಧಿ ಎರಡನೇ ನಿದ್ದೆ ಮುಗಿಸಿದ್ದಳು. ಅವರು ಬೂಟು ಬಿಚ್ಚದೆ ನಿಂತು ಕೇಳಿದರು.

"ಬೀಗದ ಕೈ ಇಲ್ದೆ ಹೊರಗೆ ಕಾಲಿಡಬಾರದು ಅಂತ ಹೇಳಿರಲಿಲ್ವಾ ಅತ್ತೆ?"

"ಹೇಳಿದ್ರಿ. ಟವಲ್ ಉಟ್ಕೊಂಡಿದ್ರೆ ಪರವಾಗಿಲ್ವೇನೋ ಅಂದ್ಕೊಂಡೆ."

ಅಳಿಯಂದಿರು ಕೂತು ಬೂಟು ಬಿಚ್ಚತೊಡಗಿದರು. ಶೈಲ ಮಗುವಿನ ಲಂಗೋಟಿ ಮಡಿಸುತ್ತಿದ್ದವಳು ತಲೆಯೆತ್ತಿದಳು.

"ಯಾವ ಟವಲ್ಲು?"

"ಅದು... ನೀನು ಹೆರಿಗೆಗೆ ಮುಂಚೆ ಚೆಕಪ್‌ಗೆ ಹೋಗಿದ್ಯಲ್ಲ, ಆವತ್ತು" ಎಂದರು. "ಪೇಪರ್ ತಗೊಳ್ಳೋಕೆ ಅಂತ..."

"ನಂಗೆ ಹೇಳ್ಲೇ ಇಲ್ಲ."

"ನೀನು ಕಸದ ಕವರ್ ಹಿಡ್ಕೊಂಡು ಕೆಳಗೆ ಅಸ್ಕಾರಿ ಕುರ್ಚೀಲಿ ಕೂತಿದ್ದು ಹೇಳಿದ್ಯಾ?"

ಇದು ನನಗೂ ಹೊಸ ಸುದ್ದಿ. ನಿಧಿ ತನ್ನ ಕಾಲನ್ನು ತಾನೇ ಹಿಡಿದು ಬಾಯಿಗೆ ತಂದುಕೊಂಡಳು. ಬಹಳ ಕಷ್ಟದ ವಿದ್ಯೆ ಅದು.

ಅಳಿಯಂದಿರು ಎದ್ದು ಹೋಗಿ ಬಾಗಿಲನ್ನು ತೆರೆದರು, ಬಿಟ್ಟರು. ಟಪ್ ಎಂದಿತು. ಮತ್ತೆ ತೆರೆದರು, ಬಿಟ್ಟರು. ಮತ್ತೆ ಟಪ್. ಆಮೇಲೆ ಮೊಳೆಯಿಂದ ಕೆಂಪು ಕುಣಿಕೆ ತೆಗೆದು ಎಳೆದು ನೋಡಿದರು. ಗಟ್ಟಿಯಾಗಿತ್ತು.

"ಫ್ಯಾಕ್ಟರೀಲಿ ಒಂದೇ ತಪ್ಪನ್ನ ಎಲ್ರೂ ಮಾಡ್ತಿದ್ರೆ ನಾವು ಜನಕ್ಕೆ ಬೈಯಲ್ಲ ಅತ್ತೆ" ಎಂದರು. "ಮೆಷಿನ್ ಬದಲಾಯಿಸ್ತೀವಿ."

ಶನಿವಾರ ಬಡಗಿ ಬಂದು, ಗಾಳಿಗೆ ಬೀಗ ಬೀಳದಂಥ ಬೇರೆ ಚಿಲಕ ಕೂರಿಸಿದ. ಹರ್ಲಿಂಗ್‌ಹ್ಯಾಮಿನ ಮಾತನ್ನು ಯಾರೂ ಎತ್ತಲಿಲ್ಲ. ಶಾಲೆ ಶುರುವಾದ ದಿನ ಅಳಿಯಂದಿರು ಕೆಲಸಕ್ಕೆ ಹೊರಡುವಾಗ ನಿಧಿಯನ್ನು ನನ್ನ ತೋಳಿಗೆ ಕೊಟ್ಟು, ನನ್ನ ಮೊಬೈಲು ತೆಗೆದುಕೊಂಡು, ತಮ್ಮ ಗುಂಡಿಯ ಮೇಲಿನ ಸಣ್ಣ ಬೊಟ್ಟನ್ನು ಕಿತ್ತು ದೊಡ್ಡದನ್ನು ಅಂಟಿಸಿ ಹೋದರು.

ಹೊರಡುವ ಮುಂಚೆ

ಆಮೇಲಿನ ದಿನಗಳ ಬಗ್ಗೆ ಬರೆಯುವುದೇನೂ ಇಲ್ಲ. ನಾನೂ ನಿಧಿಯೂ ಇದ್ದೆವು. ಲೋಕದಲ್ಲಿ ಬೇರೆ ಏನಾಯಿತೋ ತಿಳಿಯದು.

ನಾನು ಊರಿಗೆ ಹೊರಡುವ ವಾರ ಒಂದು ಬೆಳಿಗ್ಗೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗ್ರೇಸ್ ಜೊತೆ ಅವರೆಕಾಳಿನಂಥದ್ದೇನನ್ನೋ ಸುಲಿಯುತ್ತಿದ್ದೆ. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಪೀಟರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ.

"ಶೋಶೋ?" ಎಂದ.

ನಾನು ಒತ್ತಿರಲಿಲ್ಲ. ಸೊಂಟ ನೋಡಿಕೊಂಡೆ. ಕುಲಾವಿ ನಿಧಿಯ ಬಾಯಲ್ಲಿತ್ತು. ಬಿಡಿಸಿಕೊಂಡೆ. ಅಂಗಿಗುಂಡಿ ಹಾಕಿದಂತೆಯೇ ಇತ್ತು, ಬಟ್ಟೆ ಜೊಲ್ಲಿನಿಂದ ತೊಯ್ದಿತ್ತು. ಬರೀ ವಸಡಿಗೆ ಅಷ್ಟು ದಪ್ಪ ಬಟ್ಟೆಯ ಮೇಲಿಂದ ಒತ್ತುವ ಶಕ್ತಿ ಎಲ್ಲಿಂದ ಬರಬೇಕು? ಬಟ್ಟೆಯನ್ನು ಬೆಳಕಿಗೆ ಹಿಡಿದೆ. ಗುಂಡಿಯ ಮೇಲೆ ಸರಿಯಾಗಿ, ಸೂಜಿ ಚುಚ್ಚಿದಂತೆ ಒಂದು ತೂತು.

ಅವಳ ಬಾಯಿಗೆ ಬೆರಳು ಹಾಕಿ ನೋಡಿದೆ. ಅಕ್ಕಿಕಾಳಿನ ತುದಿಯಷ್ಟು, ಚುರುಕಾಗಿ ತಗುಲಿತು.

ಯಾರು ಒತ್ತಿದ್ದು ಎಂದು ಪೀಟರ್ ಕೈಯಲ್ಲೇ ಕೇಳಿದ. ನಾನು ನಿಧಿಯ ಕೆಳತುಟಿಯನ್ನು ಮೆಲ್ಲಗೆ ಇಳಿಸಿ ತೋರಿಸಿದೆ. ಅವನು ಹೆಲ್ಮೆಟ್ ತೆಗೆದು ಬಗ್ಗಿ ಬಹಳ ಹೊತ್ತು ನೋಡಿದ. ಆಮೇಲೆ ಕೆಳಗೆ ವ್ಯಾನಿನಲ್ಲಿದ್ದ ಜೊತೆಗಾರನನ್ನೂ ಮೇಲೆ ಕರೆದ.